ಮೇಷ್ಟ್ರ ಲ್ಯಾಪ್‌ಟಾಪೂ ನುಡಿ ಕಡತಗಳೂ

ಮೈಸೂರು, 16 ನವೆಂಬರ್ 2025, ಭಾನುವಾರ

ವಿಂಡೋಸ್ 10ಕ್ಕೆ ಬೆಂಬಲ ಅಕ್ಟೋಬರ್ 14ಕ್ಕೆ ನಿಂತಿತಲ್ಲ, ಅವತ್ತಿನಿಂದ ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಹಾಕಿಕೊಡುವ ನಮ್ಮ ಭಾನುವಾರದ ಗುಂಪಿಗೆ ಹಳೆ ಕಂಪ್ಯೂಟರ್ ಹೊತ್ತು ಬರುವವರು ಜಾಸ್ತಿಯಾಗಿದ್ದಾರೆ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಹತ್ತು ವರ್ಷದ ಹಿಂದೆ ಕೊಂಡದ್ದೆಲ್ಲ ಹೊರಗೆ. ಯಂತ್ರ ಮಾತ್ರ ಗಟ್ಟಿಮುಟ್ಟಾಗಿಯೇ ಇರುತ್ತದೆ.

ಇವತ್ತು ಮೊದಲು ಬಂದವರು ನಿವೃತ್ತ ಕನ್ನಡ ಮೇಷ್ಟ್ರು. 2012ರ ಐ3 ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. "ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ಇನ್ನೂ ಸುತ್ತುತ್ತಾ ಇರುತ್ತೆ ಕಣಪ್ಪಾ" ಅಂದರು. ಹಳೆ ಹಾರ್ಡ್ ಡಿಸ್ಕನ್ನು ಬಿಚ್ಚಿ ಜೋಪಾನವಾಗಿ ಎತ್ತಿಟ್ಟು, ಅದಕ್ಕಿಂತ ವೇಗದ 240 ಜಿಬಿ ಎಸ್‌ಎಸ್‌ಡಿ ಕೂರಿಸಿದೆವು. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ವೈಫೈ, ಸೌಂಡ್ ನೋಡಿಕೊಂಡು, ಆಮೇಲೆ ಇನ್‌ಸ್ಟಾಲ್. ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು.

ತಾಪತ್ರಯ ಶುರುವಾದದ್ದು ಅವರ ಹಳೆಯ ಲೇಖನ ತೆರೆದಾಗ. "ಅಯ್ಯೋ, ಇದೇನಿದು!" ಅಂದರು. ಅವರು ಬರೆದಿದ್ದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ. ಅದರ ಹಳೆ ಫಾಂಟುಗಳಲ್ಲಿ ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದಾರೆ. ಫಾಂಟ್ ಇಲ್ಲದ ಕಡೆ ಅಡಿಯಲ್ಲಿರುವುದೇ ಕಾಣುತ್ತದೆ. 'ಕನ್ನಡ' ಅನ್ನುವಲ್ಲಿ ಒಂದು ಪೌಂಡ್ ಗುರುತು, ಒಂದು ಜರ್ಮನ್ ಅಕ್ಷರ! ಫಾಂಟ್ ಹಾಕಿದರೆ ಲಿಬ್ರೆಆಫೀಸ್ ಎಂಬ ಬರವಣಿಗೆ ತಂತ್ರಾಂಶದಲ್ಲೂ ಕನ್ನಡ ಕಾಣುತ್ತದೆ, ಆದರೆ ವಾಟ್ಸಾಪ್‌ಗೆ ಅಂಟಿಸಿದರೆ ಮತ್ತೆ ಅದೇ ಗೋಜಲು. ಎಲ್ಲ ಕಡೆ ಒಂದೇ ಥರ ಓದಿಸಿಕೊಳ್ಳುವ ಯುನಿಕೋಡ್‌ಗೆ ತಿರುಗಿಸಿಬಿಡುವುದೇ ವಾಸಿ.

ತಿರುಗಿಸುವ ತಂತ್ರಾಂಶಗಳೂ ಮುಕ್ತವಾಗಿಯೇ ಸಿಗುತ್ತವೆ. ಅರ್ಕಾವತ್ತಿನ ಮೇಲೆ ಮಾತ್ರ ಕಣ್ಣಿಡಬೇಕು. 'ಸೂರ್ಯ' ಎಂದು ನುಡಿಯಲ್ಲಿ ಬರೆದಾಗ ಅರ್ಕಾವತ್ತು ಯಕಾರದ ಹಿಂದೆ ಕೂತಿರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮುಂದೆ ಬರಬೇಕು. ಲೇಖನದ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡವೆಂದೇ ತಿಳಿದು ಕಲಸಿಹಾಕುವುದುಂಟು. ಮೇಷ್ಟ್ರು ಕನ್ನಡಕ ಏರಿಸಿ ಒಂದೊಂದೇ ತಪ್ಪು ಹಿಡಿಯತೊಡಗಿದರು. ಪಕ್ಕದಲ್ಲಿದ್ದ ಕಾಲೇಜು ಹುಡುಗನಿಗೆ ಅಲ್ಪಪ್ರಾಣ ಮಹಾಪ್ರಾಣದ ಪಾಠವೂ ಆಯಿತು!

ಕೀಬೋರ್ಡಿನ ಚಿಂತೆ ಬೇಗ ತೀರಿತು. ನುಡಿಯಲ್ಲಿ ಅವರ ಬೆರಳಿಗೆ ಕೂತಿದ್ದ ಕಗಪ ವಿನ್ಯಾಸ ಲಿನಕ್ಸ್‌ನಲ್ಲಿ ಮೊದಲೇ ಇದೆ. ಎಫ್ ಒತ್ತಿದರೆ ಇಲ್ಲೂ ಅರ್ಧಾಕ್ಷರ. "ಓ, ಅದೇ ಕೀಲಿಗಳು!" ಅಂತ ಟೈಪ್ ಮಾಡುತ್ತಾ ಹೋದರು.

ಯಾವ ಡಿಸ್ಟ್ರೋ, ಅಂದರೆ ಲಿನಕ್ಸ್‌ನ ಯಾವ ಬಗೆ, ಮೇಲು ಎಂದು ನಮ್ಮ ಹುಡುಗರು ಇವತ್ತೂ ಒಂದು ಗಂಟೆ ವಾದ ಮಾಡಿದರು. ನನಗೆ ಅದರಲ್ಲಿ ಆಸಕ್ತಿ ಕಡಿಮೆ. ಬಂದವರ ನಿನ್ನೆಯ ಕೆಲಸ ನಾಳೆಯೂ ನಡೆದರೆ ಲಿನಕ್ಸ್ ಉಳಿಯುತ್ತದೆ. ಇಲ್ಲದಿದ್ದರೆ ತಿಂಗಳೊಳಗೆ ಯಾರೋ ಬಂದು ಕಳ್ಳ ವಿಂಡೋಸ್ ಹಾಕಿಕೊಟ್ಟು ಹೋಗುತ್ತಾರೆ, ಅಲ್ವಾ? ಅದಕ್ಕೇ ಟ್ಯಾಲಿಯಲ್ಲಿ ಅಂಗಡಿ ಲೆಕ್ಕ ಬರೆಯುವವರೊಬ್ಬರಿಗೆ "ಸದ್ಯ ಬೇಡ ಸರ್" ಅಂದೆ. ಅದು ವಿಂಡೋಸ್‌ಗೆಂದೇ ಮಾಡಿದ್ದು. ಸುತ್ತುಬಳಸಿ ಓಡಿಸಬಹುದೇನೋ, ಜಿಎಸ್‌ಟಿ ಕಟ್ಟುವ ಹೊತ್ತಿಗೆ ಕೈಕೊಟ್ಟರೆ ಬೈಗುಳ ತಿನ್ನಬೇಕಾದವನು ನಾನು.

ಟೈಲರಿಂಗ್ ಅಂಗಡಿಯ ಅಕ್ಕ ತಂದಿದ್ದ ಡೆಸ್ಕ್‌ಟಾಪ್‌ನಲ್ಲಿ ಬ್ಯಾಂಕಿನ ವೆಬ್‌ಸೈಟ್ ತೆರೆಯುತ್ತಿರಲಿಲ್ಲ. ಗಡಿಯಾರ ನೋಡಿದರೆ 2009! ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಸತ್ತಿತ್ತು. ತಾರೀಕು ತಪ್ಪಾದರೆ ಬ್ರೌಸರ್ ಯಾವ ಸೈಟಿನ ಗುರುತಿನ ಸರ್ಟಿಫಿಕೇಟನ್ನೂ ನಂಬುವುದಿಲ್ಲ. ಸಿಆರ್ 2032 ಸೆಲ್ ಬದಲಿಸಿ ಸಮಯ ಸರಿಮಾಡಿದೆ. "ಇಷ್ಟಕ್ಕೇ ಹೊಸದು ತಗೋ ಅಂದಿದ್ದರು ನೋಡಿ" ಎಂದು ನಕ್ಕರು. ಅದಕ್ಕೂ ಲಿನಕ್ಸ್ ಹಾಕುವುದಿದೆ. ಅವರ ಫೋಟೋಗಳನ್ನೆಲ್ಲ ಕಾಪಿ ಮಾಡಿಕೊಂಡ ಮೇಲೆ.

ಮೇಷ್ಟ್ರ ಪ್ರಿಂಟರ್ ಬಾಕಿ ಇದೆ. ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವ ಸಣ್ಣ ಲೇಸರ್ ಪ್ರಿಂಟರ್. ಕಂಪನಿಯದೇ ಡ್ರೈವರ್ ಇಲ್ಲದೆ ಒಂದು ಹಾಳೆಯನ್ನೂ ಉಗುಳುವುದಿಲ್ಲ. ಮುಂದಿನ ಭಾನುವಾರ ತನ್ನಿ ಅಂದಿದ್ದೇನೆ. "ಆಟೋ ದುಡ್ಡು ನೀನೇ ಕೊಡು ಮತ್ತೆ" ಅಂದಿದ್ದಾರೆ.