ಯಾವ ವರ್ಷದಿಂದ ಎಣಿಸೋದು?

ಹೋದ ವರ್ಷ ದೀಪಾವಳಿ ಮುಗಿದ ವಾರ ನಮ್ಮ ಫ್ಯಾಕ್ಟರಿಗೆ ಇಂಗ್ಲೆಂಡಿನ ಗಿರಾಕಿಯಿಂದ ಒಂದು ಎಕ್ಸೆಲ್ ಶೀಟ್ ಬಂತು. ನಮ್ಮದು ದಾವಣಗೆರೆ ಹೊರವಲಯದ ಸಣ್ಣ ಮಾತ್ರೆ ಕಾರ್ಖಾನೆ. ನಾನು ಅಲ್ಲಿ ಯುಟಿಲಿಟಿ ನೋಡಿಕೊಳ್ಳುತ್ತೇನೆ. ಬಾಯ್ಲರ್, ಚಿಲ್ಲರ್, ಕಂಪ್ರೆಸರ್, ಎಎಚ್‌ಯು (ಗಾಳಿ ಸೋಸಿ, ತಣ್ಣಗೆ ಮಾಡಿ ಕೋಣೆಗಳಿಗೆ ಕಳಿಸುವ ಯಂತ್ರ), ಜನರೇಟರ್ ಎಲ್ಲ ನನ್ನ ತಲೆ ಮೇಲೆ. ಮಾತ್ರೆ ಮಾಡೋರು ಬೇರೆ. ಅವರಿಗೆ ಗಾಳಿ, ಹಬೆ, ತಣ್ಣೀರು ಕೊಡೋರು ನಾವು. ಏನಾದರೂ ಕೆಟ್ಟಾಗ ಮಾತ್ರ ನಮ್ಮ ನೆನಪಾಗುತ್ತದೆ.

ಶೀಟಿನಲ್ಲಿ ಕೇಳಿದ್ದು ಇಷ್ಟು. ನಿಮ್ಮ ಇಂಗಾಲ ಕಡಿತದ ಗುರಿ ಏನು? ಯಾವ ವರ್ಷದೊಳಗೆ ಮುಟ್ಟುತ್ತೀರಿ? ಬೇಸ್ ಇಯರ್ ಯಾವುದು, ಅಂದರೆ ಯಾವ ವರ್ಷದ ಹೊಗೆಗೆ ಹೋಲಿಸಿ ಕಡಿತ ಎಣಿಸೋದು?

ಆ ಗಿರಾಕಿಗೂ ಇದು ತಾನಾಗಿ ಹುಟ್ಟಿದ ಆಸೆಯಲ್ಲ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಎನ್‌ಎಚ್‌ಎಸ್, ತನಗೆ ಮಾಲು ಕೊಡುವವರದ್ದೂ ಸೇರಿಸಿ 2045ಕ್ಕೆ ನೆಟ್ ಝೀರೋ (ಬಿಡುವ ಹೊಗೆ, ಹೀರುವ ಹೊಗೆ ಸರಿಸಮ) ಆಗುತ್ತೇನೆ ಅಂತ 2020ರಲ್ಲೇ ಹೇಳಿದೆ. ಅದರ ಲೆಕ್ಕದ ಕಾಲು ಭಾಗ ಔಷಧಿಗಳದ್ದೇ. ಹಾಗಾಗಿ ಔಷಧಿ ಮಾರುವವರನ್ನು ಅದು ಕೇಳುತ್ತದೆ, ಅವರು ನಮ್ಮನ್ನು ಕೇಳುತ್ತಾರೆ. ನಾವು ಯಾರನ್ನು ಕೇಳಬೇಕು ಅನ್ನೋದಕ್ಕೆ ಆಮೇಲೆ ಬರುತ್ತೇನೆ.

ಸಾಹೇಬರು ಶೀಟ್ ನೋಡಿ ಐದೇ ನಿಮಿಷದಲ್ಲಿ ಉತ್ತರ ಕಂಡುಹಿಡಿದರು. "ಬೇಸ್ ಇಯರ್ 2019-20 ಹಾಕ್ರಿ. 2030ಕ್ಕೆ 35 ಪರ್ಸೆಂಟ್ ಕಡಿಮೆ ಅಂತ ಬರೀರಿ."

ನನಗೆ ನಗು ಬಂತು. 2019-20ರಲ್ಲಿ ನಮ್ಮಲ್ಲಿದ್ದದ್ದು ಫರ್ನೇಸ್ ಆಯಿಲ್ ಬಾಯ್ಲರ್. ದಿನಕ್ಕೆ ಐನೂರು ಲೀಟರ್ ಕುಡಿಯುತ್ತಿತ್ತು. ಲೀಟರಿಗೆ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡ್ ಅಂದರೂ ವರ್ಷದ ಮುನ್ನೂರು ಕೆಲಸದ ದಿನಕ್ಕೆ 450 ಟನ್. ಕರೆಂಟಿನದು 12 ಲಕ್ಷ ಯೂನಿಟ್, ಯೂನಿಟ್ಟಿಗೆ 0.7 ಕಿಲೋ ಹಿಡಿದರೆ 840 ಟನ್. ಎರಡೂ ಸೇರಿ 1290. ಆಮೇಲೆ 2021ರಲ್ಲಿ ಎಣ್ಣೆ ಬಾಯ್ಲರ್ ತೆಗೆದು ಭತ್ತದ ಹೊಟ್ಟಿನ ಬ್ರಿಕೆಟ್ ಉರಿಸೋ ಬಾಯ್ಲರ್ ಹಾಕಿದೆವು. ಪರಿಸರದ ಮೇಲಿನ ಪ್ರೀತಿಗೆ ಅಲ್ಲ, ಎಣ್ಣೆ ರೇಟಿಗೆ ಹೆದರಿ. ಹೊಟ್ಟಿನ ಹೊಗೆಯಲ್ಲಿರೋ ಇಂಗಾಲ ಭತ್ತ ಬೆಳೆಯುವಾಗ ಗಾಳಿಯಿಂದ ತಗೊಂಡಿದ್ದೇ ಅಂತ ಲೆಕ್ಕದವರು ಅದನ್ನು ಬೇರೆ ಸಾಲಿನಲ್ಲಿ ಬರೆಯುತ್ತಾರೆ, ಒಟ್ಟಿಗೆ ಕೂಡಿಸಲ್ಲ. ಹಾಗಾಗಿ 450 ಟನ್ ಆವತ್ತೇ ಹೋಯಿತು. 1290ರಲ್ಲಿ 450 ಅಂದರೆ ಎಷ್ಟು? ಶೇಕಡಾ 35! ಗುರಿ ಇಡುವ ಮುಂಚೆಯೇ ಗುರಿ ಮುಟ್ಟಿ ಕೂತಿದ್ದೆವು. 2030ರವರೆಗೆ ಕಾಲು ಚಾಚಿ ಮಲಗಬಹುದಿತ್ತು.

"ಸರ್, ಇದು ಪರೀಕ್ಷೆ ಮುಗಿದ ಮೇಲೆ ಹಾಲ್ ಟಿಕೆಟ್ ತಗೊಂಡಂಗೆ" ಅಂದೆ. 2023-24 ಹಾಕೋಣ ಅಂತ ವಾದ ಮಾಡಿದೆ. ಹೊಸ ಲೆಕ್ಕ, ಈಗಿನ ಬಾಯ್ಲರ್, ಎಲ್ಲ ನೇರ.

ಮನೆಗೆ ಬಂದು ಹಳೇ ಲಾಗ್ ಬುಕ್ ಬಿಚ್ಚಿದಾಗ ನನ್ನ ಪ್ರಾಮಾಣಿಕತೆಯ ಗಾಳಿ ಠುಸ್ ಅಂತು. 2023 ಬರಗಾಲದ ವರ್ಷ. ಭದ್ರಾದಲ್ಲಿ ನೀರಿಲ್ಲ, ನಾಲೆ ನಂಬಿದ ನಮ್ಮ ಭಾಗದಲ್ಲಿ ಬೇಸಿಗೆ ಭತ್ತಕ್ಕೆ ಕಷ್ಟ. ಭತ್ತ ಇಲ್ಲ ಅಂದರೆ ರೈಸ್ ಮಿಲ್ಲಿನಲ್ಲಿ ಹೊಟ್ಟಿಲ್ಲ. ಇದ್ದ ಹೊಟ್ಟಿಗೂ ಪೈಪೋಟಿ, ಮಂಡಕ್ಕಿ ಭಟ್ಟಿಯವರೂ ಬಿಡಲ್ಲ. ಚಳ್ಳಕೆರೆ ಕಡೆಯಿಂದ ಶೇಂಗಾ ಸಿಪ್ಪೆ ತರಿಸೋಣ ಅಂದರೆ ಅಲ್ಲಿಯೂ ಮಳೆ ಕೈಕೊಟ್ಟಿತ್ತು. ಕೊನೆಗೆ ಎರಡು ತಿಂಗಳು ನಾವು ಉರಿಸಿದ್ದು ಕಲ್ಲಿದ್ದಲು. ನೂರು ಟನ್ ಮೇಲೆ ಹೊಗೆ ಜಾಸ್ತಿ. ಆ ವರ್ಷವನ್ನು ಬೇಸ್ ಮಾಡಿದರೆ, ಒಳ್ಳೆ ಮಳೆ ಬಿದ್ದ ಮರುವರ್ಷವೇ ಏನೂ ಮಾಡದೆ ಶೇಕಡಾ ಹತ್ತರ ಮೇಲೆ ಇಳಿದಂತೆ ಕಾಣುತ್ತದೆ. ಸಾಹೇಬರಿಗೆ ಹಾಲ್ ಟಿಕೆಟ್ ಪಾಠ ಹೇಳಿದವನು ನಾನೇ! ಉಳಿದಿದ್ದು 2022-23. ಮಳೆ ಚೆನ್ನಾಗಿತ್ತು, ಹೊಟ್ಟು ಸಿಕ್ಕಿತ್ತು, ಉತ್ಪಾದನೆಯೂ ಸಾಧಾರಣ. ಯಾರಿಗೂ ಲಾಭ ಇಲ್ಲದ ವರ್ಷ. ಅದನ್ನೇ ಸಾಹೇಬರಿಗೆ ಹೇಳಿದೆ.

ದೊಡ್ಡ ಕಂಪನಿಗಳ ಗುರಿ ಓದುವಾಗಲೂ ಈಗ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಬ್ರಿಟನ್ನಿನ ಔಷಧಿ ಕಂಪನಿ ಜಿಎಸ್‌ಕೆಯವರದು 2030ಕ್ಕೆ ಶೇಕಡಾ 80, ಎಣಿಸೋದು 2020ರಿಂದ. ಆಸ್ಟ್ರಾಝೆನೆಕಾದವರು ತಮ್ಮ ಸ್ವಂತ ಕಾರ್ಖಾನೆ, ವಾಹನ, ಕರೆಂಟಿನದು 2026ಕ್ಕೆ ಶೇಕಡಾ 98 ಕಡಿಮೆ ಅನ್ನುತ್ತಾರೆ, ಎಣಿಸೋದು 2015ರಿಂದ. ಗುರಿಗಳನ್ನು ಪರೀಕ್ಷಿಸುವ ಎಸ್‌ಬಿಟಿಐ ಅನ್ನೋ ಸಂಸ್ಥೆ ಇದೆ. 2015ಕ್ಕಿಂತ ಹಿಂದಿನ ವರ್ಷವನ್ನು ಅವರು ಒಪ್ಪಲ್ಲ. ಆಗಲೇ ಇಳಿದಿರುವುದನ್ನು ತೋರಿಸಿದರೆ ಸಾಲದು, ಇನ್ನು ಮುಂದೆ ಎಷ್ಟು ಇಳಿಸುತ್ತೀರಿ ಅಂತಲೂ ನೋಡುತ್ತಾರೆ. ಭೂಮಿಯ ಕಾವು 1.5 ಡಿಗ್ರಿ ದಾಟಬಾರದು ಅಂದರೆ ವರ್ಷಕ್ಕೆ ಕನಿಷ್ಠ ಶೇಕಡಾ 4.2ರಂತೆ ಇಳಿಸಬೇಕು ಅನ್ನೋದು ಅವರ ಲೆಕ್ಕ.

ಇಳಿಸೋದು ಎಲ್ಲಿಂದ? ಮಾತ್ರೆ ಕಾರ್ಖಾನೆಯಲ್ಲಿ ಕರೆಂಟು ತಿನ್ನೋದು ಮಾತ್ರೆ ಒತ್ತುವ ಮಿಷನ್ ಅಲ್ಲ, ಗಾಳಿ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಎಎಚ್‌ಯು ಮತ್ತು ಚಿಲ್ಲರ್‌ಗೇ ಹೋಗುತ್ತದೆ. ಒಂದೊಂದು ಕೋಣೆಯ ಗಾಳಿ ಗಂಟೆಗೆ ಹತ್ತಿಪ್ಪತ್ತು ಸಲ ಬದಲಾಗಬೇಕು. ತೇವ ಜಾಸ್ತಿಯಾದರೆ ಪೌಡರ್ ಗಂಟು ಕಟ್ಟುತ್ತದೆ. ತೇವ ತೆಗೆಯೋಕೆ ಗಾಳಿಯನ್ನು ಚೆನ್ನಾಗಿ ತಣ್ಣಗೆ ಮಾಡಬೇಕು, ಆಗ ನೀರು ಇಳಿಯುತ್ತದೆ. ಆಮೇಲೆ ಅದೇ ಗಾಳಿಯನ್ನು ಹಬೆಯಲ್ಲಿ ಮತ್ತೆ ಬಿಸಿ ಮಾಡಿ ಒಳಗೆ ಬಿಡಬೇಕು. ಇದನ್ನು ಒಮ್ಮೆ ಅಮ್ಮನಿಗೆ ಹೇಳಿದೆ. "ಅಲ್ಲಪ್ಪ, ತಣ್ಣಗೆ ಮಾಡಿದ್ದನ್ನ ಮತ್ತೆ ಯಾಕೆ ಕಾಯಿಸ್ತೀರಿ? ತಲೆ ಸರಿ ಐತಾ ನಿಮಗೆ?" ಅಂದಳು. ಇಪ್ಪತ್ತು ವರ್ಷದಲ್ಲಿ ಯಾವ ಆಡಿಟರ್ರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ.

ನಾವು ನಡೆಸೋದು ಎರಡೇ ಶಿಫ್ಟು. ರಾತ್ರಿ ಒಳಗೆ ಯಾರೂ ಇರಲ್ಲ, ಫ್ಯಾನ್ ಮಾತ್ರ ಹಗಲಿನಷ್ಟೇ ಜೋರಾಗಿ ತಿರುಗುತ್ತಿತ್ತು. ಫ್ಯಾನಿನ ವಿಷಯದಲ್ಲಿ ಒಂದು ಚಂದದ ಗಣಿತ ಇದೆ. ವೇಗ ಶೇಕಡಾ 20 ಇಳಿಸಿದರೆ ಕರೆಂಟು ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. 0.8 ಅನ್ನು 0.8ರಿಂದ, ಮತ್ತೆ 0.8ರಿಂದ ಗುಣಿಸಿ ನೋಡಿ. ವೇಗ ಇಳಿಸಲು ಬೇಕಾದ ಡ್ರೈವ್ ಆಗಲೇ ಇತ್ತು, ಗುಂಡಿ ಒತ್ತಿದರೆ ಸಾಕಿತ್ತು. ಆದರೆ ಔಷಧಿ ಕಾರ್ಖಾನೆಯಲ್ಲಿ ಗುಂಡಿ ಒತ್ತೋಕೂ ಬದಲಾವಣೆಗೆ ಒಪ್ಪಿಗೆ ಕೇಳುವ ಚೇಂಜ್ ಕಂಟ್ರೋಲ್ ಫಾರಂ ತುಂಬಬೇಕು. ಗುಣಮಟ್ಟ ನೋಡುವ ಕ್ಯೂಎ ಮೇಡಂ ಕೇಳಿದ್ದು ಒಂದೇ ಮಾತು, "ರಾತ್ರಿ ಪ್ರೆಷರ್ ಬಿದ್ದರೆ ಆಡಿಟ್‌ನಲ್ಲಿ ನೀವು ಉತ್ತರ ಕೊಡ್ತೀರಾ?" ಅವರದ್ದು ತಪ್ಪಲ್ಲ. ಒಂದು ಕೋಣೆಯ ಪುಡಿ ಇನ್ನೊಂದಕ್ಕೆ ಹೋಗದಂತೆ ತಡೆಯೋದೇ ಆ ಗಾಳಿಯ ಪ್ರೆಷರ್. ಪಕ್ಕದ ಕೋಣೆಯ ಪುಡಿ ಈ ಕೋಣೆಗೆ ಬಂದರೆ ತಿನ್ನೋರು ರೋಗಿಗಳು. ಮೂರು ವಾರ ರಾತ್ರಿ ಪೂರ್ತಿ ಕೂತು ಪ್ರೆಷರ್, ಉಷ್ಣಾಂಶ, ತೇವ ಬರೆದುಕೊಂಡೆವು. ಒಪ್ಪಿಗೆ ಸಿಗಲು ನಾಲ್ಕು ತಿಂಗಳು ಬೇಕಾಯಿತು. ಉಳಿದದ್ದು ವರ್ಷಕ್ಕೆ 28 ಟನ್. ಒಟ್ಟು ಲೆಕ್ಕದಲ್ಲಿ ಶೇಕಡಾ ಮೂರರ ಮೇಲೆ ಚೂರು ಅಷ್ಟೇ, ಇರಲಿ.

ಇನ್ನು ನಾವು ಕೇಳಬೇಕಾದವರು. ಮಾತ್ರೆಯೊಳಗಿನ ಮದ್ದು ನಮ್ಮಲ್ಲಿ ತಯಾರಾಗಲ್ಲ, ಡ್ರಮ್ಮಿನಲ್ಲಿ ಬರುತ್ತದೆ. ಒಂದು ಕಿಲೋ ಮದ್ದು ತಯಾರಾಗುವಾಗ 25ರಿಂದ 100 ಕಿಲೋ ತ್ಯಾಜ್ಯ ಬರೋದು ಈ ಉದ್ಯಮದಲ್ಲಿ ಮಾಮೂಲಿ, ಅದರಲ್ಲಿ ಬಹುಪಾಲು ದ್ರಾವಕಗಳು. ಅದನ್ನೆಲ್ಲ ಸ್ಕೋಪ್ ಮೂರು ಅನ್ನುತ್ತಾರೆ, ಅಂದರೆ ನಮ್ಮ ಗೇಟಿನ ಹೊರಗಿನ ಹೊಗೆ. ಡ್ರಮ್ ಕಳಿಸುವ ಆರು ಜನರಿಗೆ ಪತ್ರ ಬರೆದೆ. ನಾಲ್ವರು ಉತ್ತರಿಸಲಿಲ್ಲ. ಒಬ್ಬರು ಗಿಡ ನೆಟ್ಟ ಫೋಟೋ ಕಳಿಸಿದರು. ಒಬ್ಬರು ಮಾತ್ರ ನಿಜವಾದ ಅಂಕಿ ಕೊಟ್ಟರು, ಅವರ ಮೇಲೆ ಗೌರವ ಹುಟ್ಟಿತು.

ಒಂದು ಉಪಕಥೆ. ಅಮ್ಮನಿಗೆ ಉಬ್ಬಸ. ಡಾಕ್ಟರು ಕೊಟ್ಟಿರೋದು ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರ್. ಒತ್ತಿದರೆ ಪುಸ್ ಅನ್ನುವ ಪಂಪಿನಲ್ಲಿ ಮದ್ದನ್ನು ತಳ್ಳಲು ಒಂದು ಅನಿಲ ಇರುತ್ತದೆ, ಅದು ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜಾಸ್ತಿ ಕಾವು ಹಿಡಿಯುತ್ತದೆ. ಬ್ರಿಟನ್ನಿನಲ್ಲಿ ಅನಿಲ ಜಾಸ್ತಿ ಇರುವ ಒಂದು ಪಂಪಿನ ಲೆಕ್ಕ 28 ಕಿಲೋ. ನನ್ನ ಬೈಕಿನಲ್ಲಿ ಇಲ್ಲಿಂದ ಚಿತ್ರದುರ್ಗಕ್ಕೆ ಐದು ಸಲ ಹೋಗಿಬಂದಷ್ಟು. ಪುಡಿಯದ್ದಕ್ಕೆ ಒಂದು ಕಿಲೋನೂ ಇಲ್ಲ. ಹಾಗಂತ ಪಂಪ್ ಬೇಕಾದವರು ಬಿಡೋ ಹಾಗಿಲ್ಲ, ಎಳೆಯುವ ಶಕ್ತಿ ಇಲ್ಲದ ಮಕ್ಕಳು, ಮುದುಕರು ಇರುತ್ತಾರೆ. ಅನಿಲವನ್ನೇ ಬದಲಿಸುವ ಕೆಲಸ ಈಗ ನಡೆದಿದೆ. ಅಮ್ಮನಿಗೆ ಇದೆಲ್ಲ ಹೇಳಿದರೆ, "ನಂದು ಅಗ್ಗ ಅಂತ ಡಾಕ್ಟ್ರು ಬರೆದಿದ್ದು" ಅಂದಳು. ನಮ್ಮ ಬಾಯ್ಲರ್ ಕಥೆಯೂ ಅದೇ ಅಲ್ವಾ!

ಶೀಟಿಗೆ ಬರೋಣ. ನನ್ನ ಮಾತು ನಡೆಯಲಿಲ್ಲ. 2019-20 ಅಂತಲೇ ತುಂಬಿ ಜನವರಿಯಲ್ಲಿ ಕಳಿಸಿದರು. ಫೆಬ್ರವರಿಯಲ್ಲಿ ಎರಡು ಸಾಲಿನ ಮೇಲ್ ಬಂತು. ನಿಮ್ಮ ಬಾಯ್ಲರ್ ಬದಲಾಗಿದ್ದು ಯಾವಾಗ, ದಾಖಲೆ ಕಳಿಸಿ.

ಬಾಯ್ಲರ್ ಇಲಾಖೆಯ ಸರ್ಟಿಫಿಕೇಟ್ ನಮ್ಮ ಬಾಯ್ಲರ್ ಮನೆ ಗೋಡೆ ಮೇಲೆ ಫ್ರೇಮ್ ಹಾಕಿ ತೂಗಿದೆ. ಗಾಜಿನ ಮೇಲಿನ ಬೂದಿ ಒರೆಸಿ ಫೋಟೋ ತೆಗೆದು ಸಾಹೇಬರಿಗೆ ಕಳಿಸಿದೆ. ಅವರು ಅರ್ಧ ಗಂಟೆ ಬಿಟ್ಟು ಫೋನ್ ಮಾಡಿ, "ನೀವು ಹೇಳಿದ ಆ ವರ್ಷ ಯಾವುದು?" ಅಂದರು.

ಈಗ ಬೇಸ್ 2022-23. 840 ಟನ್ನಿನ ಮೇಲೆ 2030ಕ್ಕೆ ಶೇಕಡಾ 30, ಅಂದರೆ 250 ಟನ್ ಇಳಿಸಬೇಕು. ಫ್ಯಾನಿನದು 28 ಆಯಿತು. ಶೆಡ್ಡಿನ ಮೇಲೆ 100 ಕಿಲೋವ್ಯಾಟ್ ಸೋಲಾರ್ ಹಾಕಿದರೆ ಇನ್ನೊಂದು ನೂರು. ಉಳಿದದ್ದಕ್ಕೆ ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರದವರಿಂದ ನೇರವಾಗಿ ಕರೆಂಟು ಕೊಳ್ಳಲು ಮಾತಾಡಬೇಕು. ಮುಂಚೆ ಒಂದು ಮೆಗಾವ್ಯಾಟ್ ಬೇಡಿಕೆ ಇಲ್ಲದವರಿಗೆ ಹಾಗೆ ಕೊಳ್ಳುವ ಅವಕಾಶ ಇರಲಿಲ್ಲ, 2022ರ ನಿಯಮದಲ್ಲಿ ಅದನ್ನು 100 ಕಿಲೋವ್ಯಾಟಿಗೆ ಇಳಿಸಿದ್ದಾರೆ. ಹೊಟ್ಟಿನ ವಿಷಯ ಮಾತ್ರ ಭದ್ರಾ ತುಂಬೋದರ ಮೇಲೆ. ಗುರುವಾರ ಸೋಲಾರ್‌ನವನು ಅಳತೆಗೆ ಬರುತ್ತಾನೆ. ಶೆಡ್ಡಿನ ಛಾವಣಿಯ ಶೀಟು ಹಳೇದು, ಅವನು ಕಾಲಿಡುವ ಮುಂಚೆ ಹಲಗೆ ಹಾಸಿಸಬೇಕು.