ಉದ್ಯೋಗ: ಒಂದೇ ಸಾಲು

ನಮ್ಮ ಸೊಸೈಟಿಯ ಸಾಲದ ಅರ್ಜಿಯಲ್ಲಿ ವಿಳಾಸಕ್ಕೆ ಮೂರು ಸಾಲು ಬಿಟ್ಟಿದ್ದಾರೆ, ಜಾಮೀನುದಾರರಿಗೆ ಅರ್ಧ ಪುಟ. ಉದ್ಯೋಗಕ್ಕೆ ಮಾತ್ರ ಒಂದೇ ಸಾಲು. ಅದೂ ಪುಟದ ನಡುವೆಯೇ ಮುಗಿದು, ಮುಂದೆ 'ವಾರ್ಷಿಕ ಆದಾಯ' ಶುರುವಾಗುತ್ತದೆ. ಹದಿನಾಲ್ಕು ವರ್ಷದಿಂದ ಬಾಗಲಕೋಟೆ ನವನಗರದ ಈ ಪತ್ತಿನ ಸಂಘದ ಕೌಂಟರಿನಲ್ಲಿ ಕೂತು ಆ ಸಾಲು ತುಂಬಿಸುತ್ತಿದ್ದೇನೆ. "ಏನ್ ಕೆಲಸ ಮಾಡ್ತೀರಿ?" ಅಂದರೆ ಎದುರಿಗಿದ್ದವರು ಉತ್ತರ ಹೇಳುವುದಿಲ್ಲ, ನನ್ನನ್ನೇ ಕೇಳುತ್ತಾರೆ: "ಏನ್ ಬರದ್ರ ಲಗೂನ ಸಿಗತೈತ್ರಿ ಅಕ್ಕಾರ?"

ಮೂರು ವರ್ಷದ ಹಿಂದೆ ಒಬ್ಬ ಕಾಕಾ ಬಂದರು. ಹಿನ್ನೀರಿನ ದಂಡೆಯ ಹಳ್ಳಿಯವರು. "ಮೀನ ಹಿಡಿತೀನಿ ಅಂತ ಬರೀರಿ" ಅಂದರು. ಬರೆದೆ. ಪೆನ್ನು ಎತ್ತುವುದರೊಳಗೆ, "ತಡೀರಿ ತಡೀರಿ. ಈಗ ನೀರ ಇಳದಾವಲ್ಲ? ಒಕ್ಕಲತನ ಅಂತ ಬರೀರಿ." ಗೀಟು ಹಾಕಿ ಮತ್ತೆ ಬರೆದೆ. ಹಿಂದೆ ಪಾಳಿಯಲ್ಲಿ ನಿಂತವರು ಯಾರೂ ನಗಲಿಲ್ಲ. ಅದರಲ್ಲಿ ನಗುವಂಥದ್ದು ಅವರಿಗೇನೂ ಕಾಣಲಿಲ್ಲ.

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಕಟ್ಟಿದ್ದು ಕೃಷ್ಣೆಗೆ, ಆದರೆ ಹಿನ್ನೀರು ಘಟಪ್ರಭೆಯ ಗುಂಟ ಏರಿ ಬಂದು ಬಾಗಲಕೋಟೆಯ ಹಳೇ ಊರಿನ ಎಷ್ಟೋ ಓಣಿಗಳನ್ನು ನುಂಗಿತು. ಮುಳುಗಡೆಯಾದವರಿಗೆಂದು ಎತ್ತರದಲ್ಲಿ ನವನಗರ ಕಟ್ಟಿದರು. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರು ಬಂತು. ಇಲ್ಲಿ ಚಹಾದಂಗಡಿಯವನಿಗೂ ಎರಡು ಸಂಖ್ಯೆ ಬಾಯಿಪಾಠ. 519.60 ಮೀಟರ್ ಅಂದರೆ ಈಗ ನೀರು ನಿಲ್ಲುವ ಮಟ್ಟ. 524.256 ಅಂದರೆ ಮುಂದೆ ಎತ್ತರಿಸಿದರೆ ನಿಲ್ಲಬೇಕಾದ ಮಟ್ಟ. ಮಳೆಗಾಲದಲ್ಲಿ ತುಂಬಿದ ನೀರು ಬೇಸಿಗೆ ಹೊತ್ತಿಗೆ ಇಳಿಯುತ್ತದೆ, ದಂಡೆಯ ಎರೆಮಣ್ಣು ಮೇಲೇಳುತ್ತದೆ, ಮೇಲೆದ್ದಷ್ಟು ದಿನ ಜನ ಅದರಲ್ಲಿ ಬಿತ್ತುತ್ತಾರೆ. ಅಂದರೆ ಕಾಕಾ ಇವತ್ತು ರೈತರೋ ಮೀನುಗಾರರೋ ಅಂತ ತಿಳಿಯಬೇಕಾದರೆ ಆಲಮಟ್ಟಿಯ ಮಟ್ಟ ನೋಡಬೇಕು. ಇಷ್ಟೆಲ್ಲ ಬರೆಯಲು ಫಾರ್ಮಿನಲ್ಲಿ ಜಾಗ ಎಲ್ಲಿದೆ?

ರಾತ್ರಿ ಊಟಕ್ಕೆ ಕೂತಾಗ ಅಣ್ಣನ ಮಗನಿಗೆ ಇದನ್ನು ಹೇಳಿದೆ. "ಅತ್ತಿ, ಇಂಥಾವರನ್ನ ಕರದು ಮಾತಾಡ್ಸಿ ಪಾಡ್‌ಕಾಸ್ಟ್ ಮಾಡು" ಅಂದ. ನನಗೆ ಗೊತ್ತಿದ್ದದ್ದು ಧಾರವಾಡ ಆಕಾಶವಾಣಿ. 1950ರಲ್ಲಿ ಶುರುವಾದ ಆ ಸ್ಟೇಷನ್ನು ನಮ್ಮಪ್ಪನಿಗೆ ಮನೆಯ ಹಿರಿಯನಿದ್ದ ಹಾಗೆ. ಸಂದರ್ಶನ ಬಂದರೆ ಎಂಜಲು ಕೈ ಎತ್ತಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದ. "ಅದ ಅತ್ತಿ. ಟೈಮ್ ಇಲ್ಲದ ರೇಡಿಯೋ, ಅಷ್ಟ" ಅಂದ ಹುಡುಗ.

ಶುರು ಮಾಡಿದ್ದು ಮನೆಯ ಹಿಂದಿನ ಕೋಣೆಯಲ್ಲಿ. ಹತ್ತು ಬೈ ಹನ್ನೆರಡು, ಆರ್‌ಸಿಸಿ ಮಾಳಿಗೆ, ನುಣುಪು ಗೋಡೆ. ಮೊದಲ ಸಲ ಕೇಳಿದರೆ ಎಲ್ಲರೂ ಕಾಳು ತುಂಬುವ ನೆಲದ ಹಗೇವಿನೊಳಗಿಂದ ಮಾತಾಡಿದ ಹಾಗಿತ್ತು. ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಸಲ ತಿರುಗಿ ಬರುತ್ತದೆ ಅಂತ ಟಿಕೆಟ್ ತೆಗೆಸಿ ಹೋಗುತ್ತೇವೆ, ನನ್ನ ಕೋಣೆಯಲ್ಲಿ ಪುಕ್ಕಟೆ ಸಿಗುತ್ತಿತ್ತು. ಫೋಮ್ ಹಾಳೆ ತರಿಸೋಣ ಅಂತ ಹುಡುಗ ಬೆಲೆ ನೋಡಿದ. ಅಷ್ಟು ದುಡ್ಡಿಗೆ ಒಂದು ಮೈಕು ಬರುತ್ತಿತ್ತು. ನಮ್ಮವ್ವ ಏನೂ ಮಾತಾಡದೆ ಟ್ರಂಕು ತೆಗೆದು ನಾಲ್ಕು ಕೌದಿ ಹೊರಗೆ ಹಾಕಿದಳು. ಮೂರು ಗೋಡೆಗೆ ಮೂರು, ಬಾಗಿಲಿಗೆ ಒಂದು. ಹಳೇ ಸೀರೆ, ಧೋತ್ರ, ಪರಕಾರ ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಗಿಂತ ಚೆನ್ನಾಗಿ ಸದ್ದು ಹೀರುವ ವಸ್ತು ನಾನಂತೂ ನೋಡಿಲ್ಲ.

ಇನ್ನೊಂದು ಉಪಯೋಗ ಆಮೇಲೆ ತಿಳಿಯಿತು. ಬಂದವರು ಮೈಕು ಕಂಡರೆ ಬಿಗಿಯಾಗುತ್ತಾರೆ, ಕೌದಿ ಕಂಡರೆ ಸಡಿಲಾಗುತ್ತಾರೆ. ಎಲ್ಲರೂ ಮುಟ್ಟಿ ನೋಡುತ್ತಾರೆ. ಇಂಥಾದ್ದೊಂದು ಎಲ್ಲರ ಮನೆಯಲ್ಲೂ ಇತ್ತು.

ಮೊದಲ ಆರು ತಿಂಗಳು ಬೆಂಗಳೂರಿನ ಪಾಡ್‌ಕಾಸ್ಟುಗಳನ್ನು ಕೇಳಿ ಕೇಳಿ ಅವರ ಪ್ರಶ್ನೆಗಳನ್ನೇ ಕೇಳುತ್ತಿದ್ದೆ. ಅಲ್ಲಿಗೆ ಬರುವವರ ಬದುಕಿನಲ್ಲಿ ಒಂದು ತಿರುವು ಇದ್ದೇ ಇರುತ್ತದೆ: ಒಳ್ಳೇ ಸಂಬಳದ ನೌಕರಿ ಬಿಟ್ಟೆ, ಮನಸ್ಸಿಗೆ ಹಿಡಿಸಿದ್ದು ಹಿಡಿದೆ. ಇಳಕಲ್ಲಿನ ಒಬ್ಬ ನೇಕಾರ ಅಜ್ಜ ಪಕ್ಕದ ಮನೆಗೆ ಬೀಗರಾಗಿ ಬಂದಿದ್ದರು, ಹಿಡಿದು ಕೂರಿಸಿದೆ. "ಅಜ್ಜಾರ, ನಿಮ್ಮ ಪ್ಯಾಶನ್ ಏನು?" ಅಂದೆ.

"ಫ್ಯಾಷನ್ನಾ? ಕೇಳಬ್ಯಾಡ್ರಿ. ಈಗಿನ ಹುಡುಗ್ಯಾರು ನಮ್ಮ ಸೀರಿ ಕತ್ತರಿಸಿ ಡ್ರೆಸ್ ಹೊಲಿಸ್ತಾರ!" ಅಂತ ಶುರು ಮಾಡಿದವರು ಹತ್ತು ನಿಮಿಷ ನಿಲ್ಲಿಸಲಿಲ್ಲ. ಇವತ್ತಿಗೂ ನನ್ನ ಪಾಡ್‌ಕಾಸ್ಟಿನಲ್ಲಿ ಅತಿ ಹೆಚ್ಚು ಮಂದಿ ಕೇಳಿದ್ದು ಆ ಹತ್ತು ನಿಮಿಷವೇ. ಅಂದಿನಿಂದ ಆ ಪ್ರಶ್ನೆ ಕೈಬಿಟ್ಟೆ.

ಬೈದು ದಣಿದ ಅಜ್ಜ ಗೋಡೆಯ ಕೌದಿಯ ಕಡೆ ತಿರುಗಿದರು. ಒಂದು ತುಂಡಿನ ಅಂಚನ್ನು ಹೆಬ್ಬೆರಳಿನಿಂದ ತೀಡಿ, "ಇದು ಗೋಮಿ ದಡಿ. ನಮ್ಮೂರಿಂದು. ಬಣ್ಣ ಬಿಟ್ಟಿಲ್ಲ ನೋಡ್ರಿ" ಅಂದರು. ಏನು ಕೇಳಬೇಕೋ ತೋಚದೆ, "ಯಾವಾಗಿಂದ ನೇಯ್ತೀರಿ?" ಅಂದೆ. "ಯಾವಾಗಿಂದ ಅಂದ್ರ? ಎರಡನೇ ಸಲ ಕುಂತಾಗಿಂದೋ, ಮೊದಲನೇ ಸಲದ್ದೋ?"

ನಡುವೆ ಅಜ್ಜ ಮಗ್ಗ ಬಿಟ್ಟು ಗ್ರಾನೈಟ್ ಕ್ವಾರಿಗೆ ಹೋಗಿದ್ದರು. ಇಳಕಲ್ ಅಂದರೆ ಹೊರಗಿನವರಿಗೆ ಸೀರೆ ಮಾತ್ರ ಗೊತ್ತು, ಅಲ್ಲಿಯ ಕೆಂಪು ಗ್ರಾನೈಟೂ ಅಷ್ಟೇ ಹೆಸರುವಾಸಿ. ಏಳು ವರ್ಷ ಕಲ್ಲಿನ ಕೆಲಸ ಮಾಡಿ, ಕೆಮ್ಮು ಹತ್ತಿ ವಾಪಸ್ ಮಗ್ಗದ ಕುಣಿಗೆ ಇಳಿದಾಗ ಬೆರಳು ಮಾತು ಕೇಳಲಿಲ್ಲವಂತೆ. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ನೂಲು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸೆರಗಿನದು ಕೆಂಪು ರೇಷ್ಮೆ. ಎರಡೂ ಹಾಸಿನ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಹಾಕಿ ಕೂಡಿಸುತ್ತಾರೆ, ಅದಕ್ಕೆ ಅಜ್ಜ ಕೊಂಡಿ ಅನ್ನುತ್ತಾರೆ. ಹಾಗಾಗಿ ಒಂದು ಸೀರೆಗೆ ಒಂದು ಹಾಸು. ಮುಂದಿನ ಸೀರೆಗೆ ಮತ್ತೆ ಮೊದಲಿಂದ ಕೊಂಡಿ. ಕಲ್ಲು ಹಿಡಿದು ಗರಗಸದ ಹಾಗಾದ ಬೆರಳಿಗೆ ರೇಷ್ಮೆ ಎಳೆ ಸಿಕ್ಕಿ ಪಟ್ ಪಟ್ ಹರಿಯುತ್ತಿತ್ತು. "ಆರು ತಿಂಗಳ ನಮ್ಮಾಕಿನ ಕೊಂಡಿ ಹಾಕಿದ್ಲು. ನಾ ದಿನಾ ರಾತ್ರಿ ಕೈಗೆ ಕೊಬ್ರಿ ಎಣ್ಣಿ ಹಚ್ಕೊಂಡು, ಹೆಂಗಸರಂಗ, ಕೈ ಮ್ಯಾಲ ಮಾಡಿ ಮಲಗತಿದ್ದೆ."

ಕ್ವಾರಿಗೂ ಮೊದಲು ಇಚಲಕರಂಜಿಯ ಪವರ್‌ಲೂಮು. ಅದಕ್ಕೂ ಮೊದಲು ಭಜನಾ ಮೇಳದಲ್ಲಿ ಹಾರ್ಮೋನಿಯಂ. ನಾನು "ಅದಕ್ಕೂ ಮೊದಲು?" ಅಂದಷ್ಟು ಸಲ ಅಜ್ಜ ಒಂದೊಂದು ಮೆಟ್ಟಿಲು ಕೆಳಗಿಳಿದರು. ಬಾಳಿನಲ್ಲೂ ಕೊಂಡಿ ಹಾಕುತ್ತ ಬಂದಿದ್ದಾರಲ್ಲ ಅಂತ ನನಗೆ ಪುಳಕವಾಗಿ, ಎಪಿಸೋಡಿಗೆ ಹೆಸರು ಸಿಕ್ಕಿತು ಅಂದುಕೊಂಡು ಅದನ್ನೇ ಅವರಿಗೂ ಹೇಳಿದೆ. ಅಜ್ಜ ನನ್ನನ್ನು ಒಂದು ಗಳಿಗೆ ನೋಡಿದರು. "ಕೊಂಡಿ ಅಂದ್ರ ನೂಲಿಂದು ಯವ್ವಾ" ಅಂದರು.

ಇನ್ನೊಬ್ಬರು ದೊಡ್ಡವ್ವ. ಈಗ ಖಡಕ್ ರೊಟ್ಟಿ ಬಡಿದು ಮಾರುತ್ತಾರೆ. ಸೊಸೈಟಿಯ ಅರ್ಜಿಯಲ್ಲಿ 'ಗೃಹೋದ್ಯೋಗ' ಅಂತ ನಾನೇ ಬರೆದಿದ್ದೆ. ಅದಕ್ಕೂ ಮೊದಲು ಹದಿನೆಂಟು ವರ್ಷ ನಾಟಕ ಕಂಪನಿಯಲ್ಲಿದ್ದರು ಅಂತ ತಿಳಿದದ್ದು ಅವರ ದನಿಯಿಂದ. ಕೌಂಟರಿನಲ್ಲಿ ಮೆಲ್ಲಗೆ ಮಾತಾಡಿದರೂ ಹೊರಗೆ ಸೈಕಲ್ ನಿಲ್ಲಿಸುತ್ತಿದ್ದವರಿಗೆ ಕೇಳುತ್ತಿತ್ತು. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ ಕೂಡುತ್ತದೆ. ತೇರು ಒಂದು ದಿನದ್ದು, ನಾಟಕದ ಕಂಪನಿಗಳು ವಾರಗಟ್ಟಲೆ ಟೆಂಟು ಹಾಕಿರುತ್ತವೆ. ಆ ಥಂಡಿಯಲ್ಲಿ ದಿನಕ್ಕೆ ಎರಡು, ಕೆಲವೊಮ್ಮೆ ಮೂರು ಆಟ. ದೊಡ್ಡವ್ವನ ದನಿ ದಪ್ಪ. ಹಾಗಾಗಿ ಇಪ್ಪತ್ತೆರಡನೇ ವಯಸ್ಸಿಗೇ ಅತ್ತಿಯ ಪಾತ್ರ ಕೊಟ್ಟರಂತೆ. "ಸೊಸಿ ಪಾತ್ರದಾಕಿ ನನಗಿಂತ ಹನ್ನೊಂದು ವರ್ಷ ದೊಡ್ಡಾಕಿ. ಸ್ಟೇಜಿನ್ಯಾಗ ನಾ ಬೈಬೇಕು, ಒಳಗ ಬಂದ ಮ್ಯಾಲ ಆಕಿ ಬೈತಿದ್ಲು."

ಕಾಲರ್ ಮೈಕು ಸಿಕ್ಕಿಸಿ ಮಾತಾಡಿ ಅಂದರೆ ಆಕೆ ಮುಖ ಮೇಲೆತ್ತಿ ಫ್ಯಾನಿಗೆ ಮಾತಾಡುತ್ತಿದ್ದರು. ಎರಡು ಸಲ ಸರಿಪಡಿಸಿದೆ. ಮೂರನೇ ಸಲ ತಾವೇ ನಕ್ಕರು: ಕಂಪನಿಯ ರಂಗದಲ್ಲಿ ಮೈಕು ಮೇಲಿಂದ ಜೋತುಬಿದ್ದಿರುತ್ತಿತ್ತು, ಅದರ ಕೆಳಗೆ ಬಂದು ನಿಂತು ಮುಖ ಎತ್ತಿದರೇ ಮಾತು ಹೊರಡುವುದು. ಕಂಪನಿ ಬಿಟ್ಟು ಇಷ್ಟು ವರ್ಷವಾದರೂ ಕತ್ತು ಮರೆತಿರಲಿಲ್ಲ. ಕೊನೆಗೆ ನಾನೇ ಅವರ ಮನೆಗೆ ಹೋದೆ. ಮದುವೆಯ ಆರ್ಡರು, ಇನ್ನೂರು ರೊಟ್ಟಿ ಬಾಕಿ. ಪರಾತದಲ್ಲಿ ಎಸರು ಹೊಯ್ದ ಹಿಟ್ಟು ನಾದಿ, ಉಂಡೆ ಹಾಕಿ, ಬಡಿಯತೊಡಗಿದ ಮೇಲೆ ಕಣ್ಣು ರೊಟ್ಟಿಯ ಮೇಲೆ ಇರಲೇಬೇಕಲ್ಲ, ಮುಖ ತಾನಾಗಿ ಕೆಳಗೆ ಬಂತು. ಮಾತಿನ ಜೊತೆ ಟಪ್ ಟಪ್ ಟಪ್. ಸಿಟ್ಟಿನ ಸಂಗತಿ ಹೇಳುವಾಗ ಟಪ್ ಟಪ್ ಜೋರು, ರೊಟ್ಟಿ ತಿರುಗಿಸುವಾಗ ಅರ್ಧ ಮಾತಿಗೆ ತಡೆ. ಹುಡುಗ ಕಂಪ್ಯೂಟರಿನಲ್ಲಿ ಆ ಸದ್ದು ಒರೆಸಿ ತೋರಿಸಿದ. ಉಳಿದ ಮಾತು ಯಾರೋ ತಡವರಿಸಿದ ಹಾಗೆ ಕೇಳಿಸಿತು. ಒರೆಸಿದ್ದನ್ನು ಒರೆಸಿದೆವು.

ಐಟಿ ಕೆಲಸ ಬಿಟ್ಟು ಬಂದು ಹೈನುಗಾರಿಕೆ ಮಾಡುವ ಹುಡುಗನೊಬ್ಬ ಬಂದಿದ್ದ. ಒಳ್ಳೆಯ ಹುಡುಗ. ಎಲ್ಲ ಉತ್ತರವನ್ನೂ ಮೊದಲೇ ತಯಾರಿಸಿಕೊಂಡು ಬಂದಿದ್ದ, ಹದಿನೈದು ನಿಮಿಷಕ್ಕೆ ಮುಗಿಯಿತು. ಹೋಳಿಯ ಹೊತ್ತಿಗೆ ಮಾತ್ರ ಯಾರನ್ನೂ ಕರೆಯುವುದಿಲ್ಲ. ಬಾಗಲಕೋಟೆಯ ಹಲಗಿಯ ಬಡಿತದ ಮುಂದೆ ನಾಲ್ಕು ಕೌದಿ ಯಾವ ಲೆಕ್ಕ.

ಈಗ ಕಾಕಾರ ವಿಷಯ. ಶುರುವಿಗೆ ಕಾರಣರಾದವರನ್ನೇ ಕರೆಯಲು ಎರಡು ವರ್ಷ ಹಿಡಿಯಿತು, ಒಂದೋ ಅವರು ನೀರಿನಲ್ಲಿ, ಇಲ್ಲಾ ಹೊಲದಲ್ಲಿ. ಕೊನೆಗೊಂದು ಸಂಜೆ ಬಂದರು. ಫೋನಿನ ಬೆಳಕು ಕಣ್ಣಿಗೆ ಹೊಡೆಯಬಾರದೆಂದು ಬೋರಲು ಹಾಕಿ ಇಟ್ಟೆ. ಒಂದು ತಾಸು ಹತ್ತು ನಿಮಿಷ ಮಾತಾಡಿದರು. ಹೊಲವಿದ್ದ ಕಾಲ, ಮುಳುಗಡೆಯ ದುಡ್ಡು ಬಂದು ಹೋದ ಕಾಲ, ಇಟ್ಟಂಗಿ ಭಟ್ಟಿ, ಕಬ್ಬು ಕಡಿಯುವ ಗ್ಯಾಂಗು, ತೆಪ್ಪ ಕಲಿತದ್ದು. ಚಳಿ ಕಳೆದ ಮೇಲೆ ಹಿನ್ನೀರಿಗೆ ರಾಜಹಂಸ ಬರುತ್ತವೆ, ಕ್ಯಾಮೆರಾ ಹಿಡಿದು ಬಂದವರನ್ನು ತೆಪ್ಪದಲ್ಲಿ ಕರೆದೊಯ್ದು, "ನೀವು ಪಕ್ಷಿ ತಜ್ಞರಾ?" ಅಂತ ಕೇಳಿಸಿಕೊಂಡದ್ದು. ಆಮೇಲೆ ಬಾಗಿಲಿನ ಮಾತು.

ಊರು ಬಿಡುವಾಗ ಎಲ್ಲರ ಹಾಗೆ ಅವರೂ ತೊಲೆ, ಬಾಗಿಲು, ಚೌಕಟ್ಟು ಕಿತ್ತು ಚಕ್ಕಡಿಗೆ ಹೇರಿದರು. ಚೌಕಟ್ಟು ಸಾಗವಾನಿ, ಅವರ ಮುತ್ತ್ಯಾ ಮಾಡಿಸಿದ್ದು. ಪುನರ್ವಸತಿ ಕೇಂದ್ರದಲ್ಲಿ ಎದ್ದ ಹೊಸ ಮನೆಯ ಗೋಡೆ ಗಿಡ್ಡ. ಚೌಕಟ್ಟಿನ ಎರಡೂ ಕಾಲು ಒಂದೊಂದು ಗೇಣು ಕೊಯ್ಯಬೇಕಾಯಿತು. ಬಡಿಗ್ಯಾರು ಕೊಯ್ಯುವಾಗ ಅವರವ್ವ ಒಳಗೆ ಹೋಗಿ ಕೂತಳು. ಆ ಎರಡು ತುಂಡು ಏನಾದವು ಅಂತ ಕೇಳಿದೆ. "ತೆಪ್ಪದಾಗ ಹಾಕೀನ್ರಿ. ಕಾಲ ಊರಾಕ ಏನರ ಬೇಕಿತ್ತಲ್ಲ" ಅಂದರು. ತೆಪ್ಪ ಓಡಾಡುವುದು ಮುಳುಗಿದ ಆ ಹಳೇ ಮನೆಯ ಮೇಲೆಯೇ.

ಅವರನ್ನು ಬಸ್ ಹತ್ತಿಸಿ ಬಂದು ಫೋನು ತಿರುಗಿಸಿದರೆ 'ಸ್ಟೋರೇಜ್ ಫುಲ್'. ಉಳಿದದ್ದು ಮೊದಲ ನಾಲ್ಕು ನಿಮಿಷ. ಅದರಲ್ಲೂ ಎರಡು ನಿಮಿಷ ಕೌದಿಯ ಮಾತು. ಹುಡುಗನ ಕ್ರಿಕೆಟ್ ವಿಡಿಯೋ ತುಂಬಿದ್ದವು ಅಂತ ಅವನನ್ನು ಬೈದೆ, ಆದರೆ ಫೋನು ಬೋರಲು ಹಾಕಿದವಳು ನಾನೇ. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ಎರಡು ತಿಂಗಳ ಮೇಲೆ ಕಾಕಾ ಸಾಲದ ಕಂತು ಕಟ್ಟಲು ಬಂದಾಗ ಕೈ ಮುಗಿದು ಕೇಳಿಕೊಂಡೆ. ಬೇಸರಿಸಿಕೊಳ್ಳದೆ ಬಂದರು. ಈ ಸಲ ಎರಡು ಫೋನು, ಎರಡೂ ಅಂಗಾತ. ಮಾತಾಡಿದರು, ಆದರೆ ಬೇರೆಯೇ ಮಾತು. ಇಟ್ಟಂಗಿ ಭಟ್ಟಿಯ ಮಾಲೀಕನ ಮೇಲೆ ಹಾಡು ಕಟ್ಟಿದ್ದು, ಕಬ್ಬಿನ ಗ್ಯಾಂಗಿನಲ್ಲಿ ಅಡುಗೆ ಕಲಿತದ್ದು, ಈಗಲೂ ಮೀನಿನ ಸಾರು ಮನೆಯಲ್ಲಿ ತಾವೇ ಮಾಡುವುದು. ಹೋದ ಸಲ ಇದರಲ್ಲಿ ಒಂದಕ್ಷರವೂ ಇರಲಿಲ್ಲ. ಕಾದೆ. ಬಾಗಿಲು ಬರಲಿಲ್ಲ. ನಾನೇ ತೆಗೆದೆ:

"ಕಾಕಾ, ಆ ಚೌಕಟ್ಟಿಂದು ಸ್ವಲ್ಪ ಹೇಳ್ರಿ."

"ಅದನ್ನ ಹೋದ ಸಲ ಹೇಳೀನಲ್ರಿ."

"ಹೌದ್ರಿ, ಆದ್ರ ಅದು ರೆಕಾರ್ಡ್ ಆಗಿಲ್ಲ..."

"ನೀವು ಕೇಳೀರಲ್ಲ?"

ಆಮೇಲೆ ಅವರು ಬಸಿಗೆ ಚಹಾ ಸುರಿದು, ಊದಿ, ಸೊರ್ ಅಂತ ಕುಡಿದ ಸದ್ದು ಹತ್ತೊಂಬತ್ತನೇ ನಿಮಿಷದಲ್ಲಿದೆ.