ಜಮಾಲ್‌ಪುರದ ದಾರಿಯಲ್ಲಿ ನಮ್ಮ ಕಾಕಾ

ನಮ್ಮ ಕಾಕಾ 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಒಂದನೆಯ ಬಟಾಲಿಯನ್ನಿನ ಸಿಪಾಯಿಯಾಗಿದ್ದವರು ಎಂಬುದು ಹುಕ್ಕೇರಿ ತಾಲೂಕಿನ ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಯುದ್ಧದಲ್ಲಿ ಅವರು ಮಾಡಿದ್ದೇನು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಪ್ರತಿ ಆಗಸ್ಟ್ 15ಕ್ಕೆ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ, ‘ಮಿಲ್ಟ್ರಿ ಕಾಕಾ’ ಎಂದು ಅಕ್ಕರೆಯಿಂದ ಕರೆಯುತ್ತಾರೆ. ‘ಎಷ್ಟ ಮಂದೀನ್ನ ಹೊಡದ್ರಿ?’ ಎಂದು ಹುಡುಗರು ಕೇಳಿದರೆ ಅವರು ಸುಮ್ಮನೆ ಎದ್ದು ಹೋಗುತ್ತಿದ್ದರು. ಅದನ್ನು ಎಲ್ಲರೂ ಸಂಕೋಚವೆಂದು ತಿಳಿದಿದ್ದರು.

2021ರಲ್ಲಿ ಆ ವಿಜಯಕ್ಕೆ 50 ವರ್ಷ ತುಂಬಿತು. ಡಿಸೆಂಬರ್ 16ರಂದು ಊರಿನ ಶಾಲೆಯಲ್ಲಿ ಕಾಕಾನಿಗೆ ಸನ್ಮಾನವೆಂದು ಗೊತ್ತಾಗಿ, ಅವರ ಪರಿಚಯವನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತು. ಹಿಂದಿನ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಅವರ ಪಡಸಾಲೆಯಲ್ಲಿ ಕುಳಿತು ಬರೆದುಕೊಂಡೆ. ಕರಿ ಬಣ್ಣದ ಟ್ರಂಕಿನಿಂದ ಅವರು ಮೊದಲು ಡಿಸ್ಚಾರ್ಜ್ ಬುಕ್ ತೆಗೆದರು, ಆಮೇಲೆ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ್ದ ಪದಕಗಳನ್ನು ತೆಗೆದರು. ಪೂರ್ವ ರಣರಂಗದಲ್ಲಿ ಸೇವೆ ಸಲ್ಲಿಸಿದವರಿಗೆ ಕೊಟ್ಟ ನಕ್ಷತ್ರಾಕಾರದ ಪೂರ್ವಿ ಸ್ಟಾರ್ ಒಂದು, ದುಂಡನೆಯ ಸಂಗ್ರಾಮ್ ಪದಕ ಇನ್ನೊಂದು. ದುಂಡು ಪದಕದ ಅಂಚಿನಲ್ಲಿ ಅವರ ನಂಬರು ಮತ್ತು ಹೆಸರನ್ನು ಸಣ್ಣ ಅಕ್ಷರಗಳಲ್ಲಿ ಒತ್ತಿದ್ದಾರೆ. ಬೆಳಕಿಗೆ ಓರೆ ಮಾಡಿ ಹಿಡಿದರೆ ಮಾತ್ರ ಅದು ಕಾಣುತ್ತದೆ. ಅಷ್ಟು ವರ್ಷ ಅದೇ ಮನೆಯಲ್ಲಿ ಆಡಿ ಬೆಳೆದ ನನಗೂ ಅವನ್ನು ಕೈಯಲ್ಲಿ ಹಿಡಿದದ್ದು ಅಂದೇ ಮೊದಲು.

ಅವರು ಭರ್ತಿಯಾದದ್ದು 1968ರಲ್ಲಿ, ಬೆಳಗಾವಿಯ ರೆಜಿಮೆಂಟಲ್ ಸೆಂಟರಿನಲ್ಲಿ. ಮಳೆ ನಂಬಿದ ಹೊಲ, ದೊಡ್ಡ ಸಂಸಾರ, ಬೇರೆ ದಾರಿ ಇರಲಿಲ್ಲ. ಮುಂದೆ ಅವರು ಸೇರಿದ ಬಟಾಲಿಯನ್ 1768ರಷ್ಟು ಹಿಂದೆ ಕಟ್ಟಿದ್ದು, ಅದಕ್ಕೆ ‘ಜಂಗಿ ಪಲ್ಟನ್’ ಎಂಬ ಹೆಸರುಂಟು. ಅಲ್ಲಿ ನಡೆಯುತ್ತಿದ್ದ ಮಾತು ಮರಾಠಿ, ಹುಕುಮು ಹಿಂದಿ. ನಮ್ಮ ಭಾಗದ ಕನ್ನಡದ ಹುಡುಗರು ರಾತ್ರಿ ಒಂದೆಡೆ ಕುಳಿತಾಗ ಮಾತ್ರ ಕನ್ನಡ.

ಯುದ್ಧವೆಂದರೆ ಏನು ನೆನಪಾಗುತ್ತದೆ ಎಂದು ಕೇಳಿದೆ. ‘ಹೊರೀ’ ಎಂದರು. ಡಿಸೆಂಬರ್ 3ರಂದು ಯುದ್ಧ ಶುರುವಾದಾಗ ಅವರ ಬ್ರಿಗೇಡ್ ಈಗಿನ ಮೇಘಾಲಯದ ಗಡಿಯಿಂದ ದಕ್ಷಿಣಕ್ಕೆ, ಇಂದು ಬಾಂಗ್ಲಾದೇಶವಾಗಿರುವ ಆಗಿನ ಪೂರ್ವ ಪಾಕಿಸ್ತಾನದತ್ತ ಮುಖ ಮಾಡಿತ್ತು. ಬಹುದಿನ ಮುತ್ತಿಗೆಯಲ್ಲಿದ್ದ ಕಮಾಲ್‌ಪುರದ ಪಾಕಿಸ್ತಾನಿ ಠಾಣೆ 4ರಂದು ಶರಣಾಯಿತು. ಅಲ್ಲಿಂದ ಬಕ್ಷಿಗಂಜ್ ದಾಟಿ ಬ್ರಹ್ಮಪುತ್ರೆಯ ದಂಡೆಯವರೆಗೆ ನಡಿಗೆ. ರೈಫಲ್ಲು, ಗುಂಡು, ಗುದ್ದಲಿ, ನೀರು, ಇವುಗಳ ಮೇಲೆ ಪಾಳಿಯಂತೆ ಮಾರ್ಟರಿನ ಬಾಂಬುಗಳನ್ನೂ ಹೊರಬೇಕಾಗಿತ್ತು. ಹೊರೆಯ ಪಟ್ಟಿ ಕೊರೆದು ಆದ ಗಾಯ ಒಣಗುವ ಮೊದಲೇ ಮತ್ತೆ ಅದೇ ಜಾಗದಲ್ಲಿ ಕೊರೆಯುತ್ತಿತ್ತಂತೆ. ಇಷ್ಟು ಹೇಳಿ ಅಂಗಿಯ ಕೊರಳನ್ನು ಸರಿಸಿ ಬಲಗಡೆಯ ಹೆಗಲನ್ನು ತೋರಿಸಿದರು. ಅಲ್ಲಿಯ ಚರ್ಮ ಇಂದಿಗೂ ಒರಟಾಗಿ, ಸುತ್ತಲಿನದಕ್ಕಿಂತ ಕಪ್ಪಾಗಿ ಉಳಿದಿದೆ.

ಜಮಾಲ್‌ಪುರ ಪಟ್ಟಣ ನದಿಯ ಆಚೆಗಿತ್ತು, ಅದನ್ನು ಪಾಕಿಸ್ತಾನದ 31ನೆಯ ಬಲೂಚ್ ಪಡೆ ಭದ್ರವಾಗಿ ಹಿಡಿದಿತ್ತು. ಢಾಕಾಕ್ಕೆ ಹೋಗುವ ದಾರಿ ಅಲ್ಲಿಂದಲೇ ತಂಗೈಲ್ ಮೂಲಕ ಸಾಗುತ್ತಿದ್ದುದರಿಂದ ಅದನ್ನು ಬಿಟ್ಟು ಮುಂದೆ ಹೋಗುವಂತಿರಲಿಲ್ಲ. ಎದುರಿನಿಂದ ಹೊಡೆಯದೆ, ನದಿಯನ್ನು ಬೇರೆಡೆ ದಾಟಿ, ಪಟ್ಟಣದ ಬೆನ್ನಿಗೆ ಹೋಗಿ ಆ ದಾರಿಯನ್ನೇ ಕಟ್ಟಬೇಕೆಂದು ತೀರ್ಮಾನವಾಯಿತು. ಕಾಕಾನಿಗೆ ಹೊಳೆ ಹೊಸದಲ್ಲ, ಘಟಪ್ರಭೆಯಲ್ಲಿ ಈಸು ಕಲಿತವರು. ಆದರೂ ಡಿಸೆಂಬರಿನ ಆ ರಾತ್ರಿಯ ತಣ್ಣೀರನ್ನೂ, ಒಂದು ಮಳಲದಿಣ್ಣೆ ಮುಗಿಯಿತೆನ್ನುವಾಗ ಮತ್ತೆ ಎದುರಾಗುತ್ತಿದ್ದ ಹರಿವನ್ನೂ ಹೇಳುವಾಗ ಅವರ ಧ್ವನಿ ಇಳಿಯಿತು. ದೋಣಿ ಕೊಟ್ಟವರು ಅಲ್ಲಿಯ ಅಂಬಿಗರು, ಸಾಮಾನು ಹೇರಲು ಎತ್ತಿನ ಗಾಡಿ ಹೂಡಿ ತಂದವರು ಅಲ್ಲಿಯ ಒಕ್ಕಲಿಗರು. ಆ ಜನರ ನೆರವನ್ನು ಪರಿಚಯದಲ್ಲಿ ಬರೆಯಲೇಬೇಕೆಂದು ಅವರು ಹಟ ಹಿಡಿದರು. ಸಿಕ್ಕಿಬಿದ್ದಿದ್ದರೆ ಸಿಪಾಯಿಗಳು ಸೆರೆಯಾಳುಗಳಾಗುತ್ತಿದ್ದರು, ಆ ಒಕ್ಕಲಿಗರ ಊರೇ ಸುಟ್ಟುಹೋಗುತ್ತಿತ್ತು ಎಂಬುದು ಅವರ ಮಾತು. ಅದು ನನಗೂ ಸರಿಯೆನಿಸಿತು.

ಡಿಸೆಂಬರ್ 9ರಂದು ನಮ್ಮ ಬ್ರಿಗೇಡಿಯರ್ ಹರ್‌ದೀತ್ ಸಿಂಗ್ ಕ್ಲೇರ್ ಅವರು ಶರಣಾಗುವಂತೆ ಪತ್ರ ಕಳಿಸಿದ್ದನ್ನೂ, ಬಲೂಚ್ ಪಡೆಯ ಲೆಫ್ಟಿನೆಂಟ್ ಕರ್ನಲ್ ಸುಲ್ತಾನ್ ಅಹ್ಮದ್ ತಮ್ಮ ಉತ್ತರದೊಳಗೆ ಒಂದು ಗುಂಡನ್ನು ಇಟ್ಟು ಕಳಿಸಿದ್ದನ್ನೂ ನಾನು ಮೊದಲೇ ಓದಿ ತಿಳಿದಿದ್ದೆ. ಕಾಕಾನಿಗೆ ಅದು ಗೊತ್ತಾದದ್ದು ಯುದ್ಧ ಮುಗಿದ ಮೇಲೆ. ಕಂದಕದಲ್ಲಿ ಕುಳಿತ ಸಿಪಾಯಿಗೆ ತನ್ನ ಎದುರಿನ ಹೊಲ, ಎಡಬಲದ ಇಬ್ಬರು ಮತ್ತು ಸಾಹೇಬರ ಹುಕುಮು ಬಿಟ್ಟು ಬೇರೇನೂ ಗೊತ್ತಿರುವುದಿಲ್ಲ. ಅವರ ಬಟಾಲಿಯನ್ನಿನ ಸಾಹೇಬರು ಲೆಫ್ಟಿನೆಂಟ್ ಕರ್ನಲ್ ಕೆ. ಎಸ್. ಬ್ರಾರ್, ಮುಂದೆ ಜನರಲ್ ಆದವರು. ಹತ್ತಿರ ಬರುವವರೆಗೆ ಒಂದು ಗುಂಡೂ ಹಾರಬಾರದು ಎಂದು ಕಾಕಾನ ಕಂಪನಿಗೆ ಕಟ್ಟಪ್ಪಣೆಯಾಗಿತ್ತು.

10ರ ರಾತ್ರಿ ಕಳೆದು 11 ಹರಿಯುವುದರೊಳಗೆ ಪಟ್ಟಣದಲ್ಲಿದ್ದ ಪಡೆ ಮುತ್ತಿಗೆ ಒಡೆದು ಹೊರಬೀಳಲು ಅದೇ ದಾರಿಯಲ್ಲಿ ಬಂದಿತು. ಕತ್ತಲಲ್ಲಿ ಬೂಟಿನ ಸಪ್ಪಳ ಮೊದಲು ಕೇಳಿಸಿತು. ಅಲ್ಲಿಂದ ಮುಂದಿನದನ್ನು ಕಾಕಾ ಎರಡೇ ಮಾತಿನಲ್ಲಿ ಮುಗಿಸಿದರು: ‘ಅವ್ರು ಬಂದ್ರು. ಬೆಳಗಾಗೂತನಾ ನಡೀತು.’ ಅವರು ಹೇಳದಿದ್ದುದನ್ನು ನಾನು ಅಲಂಕರಿಸಿ ಬರೆಯಲಾರೆ.

ಬೆಳಗಿನದನ್ನು ಅವರು ಬಹಳ ಹೊತ್ತು ಹೇಳಿದರು. ಇನ್ನೂರಕ್ಕೂ ಹೆಚ್ಚು ಪಾಕಿಸ್ತಾನಿ ಸೈನಿಕರ ಹೆಣಗಳು ರಸ್ತೆಯ ಮೇಲೂ ಗದ್ದೆಯ ಬದುವಿನಲ್ಲೂ ಬಿದ್ದಿದ್ದವು. ಜಮಾಲ್‌ಪುರ ಶರಣಾಯಿತೆಂಬ ಸುದ್ದಿ ಬಂದು ಜಯಕಾರ ಎದ್ದಿತು. ಅದು ಅಡಗುವ ಹೊತ್ತಿಗೆ ಕಾಕಾನ ತುಕಡಿಯ ಕೈಗೆ ಗುದ್ದಲಿ ಬಂದಿತ್ತು. ತಮ್ಮ ಕಡೆಯವರನ್ನು ಒಂದೆಡೆ ಮಲಗಿಸಿದ ಮೇಲೆ ಎದುರಿನವರಿಗೂ ಅವರ ಧರ್ಮದ ಪ್ರಕಾರ ಮಣ್ಣು ಕೊಡಬೇಕಾಗಿತ್ತು. ಒಬ್ಬ ಹುಡುಗನ ಜೇಬಿನಲ್ಲಿ ಉರ್ದುವಿನಲ್ಲಿ ಬರೆದ ಕಾಗದವಿತ್ತು. ಪಲ್ಟನ್ನಿನಲ್ಲಿ ಉರ್ದು ಬಲ್ಲ ಒಬ್ಬರು ಅದನ್ನು ಓದಿ, ಮನೆಯ ಎಮ್ಮೆ ಈದ ಸುದ್ದಿ ಇದರಲ್ಲಿದೆ ಎಂದರಂತೆ. ಅಂಥದೇ ಕಾಗದವನ್ನು ನಮ್ಮ ಅಜ್ಜಿ ಶಾಲೆಯ ಮಾಸ್ತರರಿಂದ ಬರೆಸಿ ‘99 ಎಪಿಒ’ ಎಂಬ ಸೈನ್ಯದ ಅಂಚೆ ವಿಳಾಸಕ್ಕೆ ಹಾಕಿಸುತ್ತಿದ್ದಳು. ಮಗ ಯಾವ ನೆಲದಲ್ಲಿದ್ದಾನೆಂಬುದು ಅವಳಿಗೆ ಗೊತ್ತಿರಲಿಲ್ಲ. ಚಾವಡಿಯ ರೇಡಿಯೋದ ಕನ್ನಡ ವಾರ್ತೆ ಮುಗಿಯುವವರೆಗೆ ಹೊರಗೆ ನಿಂತಿರುತ್ತಿದ್ದಳಂತೆ. ಕಾಕಾ ಹುಡುಗರ ಪ್ರಶ್ನೆಗೆ ಎದ್ದು ಹೋಗುತ್ತಿದ್ದುದು ಸಂಕೋಚದಿಂದ ಅಲ್ಲವೆಂದು ನನಗೆ ತಿಳಿದದ್ದು ಆಗ. ಆ ಪ್ರಶ್ನೆಯನ್ನು ನಾವು ಯಾವ ಸೈನಿಕನಿಗೂ ಕೇಳಬಾರದು.

ಮುಂದಿನದು ಬೇಗ ನಡೆಯಿತು. 11ರಂದು ತಂಗೈಲ್ ಬಳಿ ಆಕಾಶದಿಂದ ಇಳಿದಿದ್ದ 2 ಪ್ಯಾರಾ ಬಟಾಲಿಯನ್ನನ್ನು ಇವರ ಪಲ್ಟನ್ ಹೋಗಿ ಕೂಡಿಕೊಂಡಿತು. ಆ ಪ್ಯಾರಾದವರೂ ಮೂಲತಃ ಮರಾಠಾ ರೆಜಿಮೆಂಟಿನವರೇ ಆದ್ದರಿಂದ ಪರದೇಶದಲ್ಲಿ ಬೀಗರು ಸಿಕ್ಕಂತಾಯಿತು ಎಂದು ಕಾಕಾ ಹಿಗ್ಗಿ ಹೇಳಿದರು. 16ರಂದು ಢಾಕಾದಲ್ಲಿ ಶರಣಾಗತಿಯ ಪತ್ರಕ್ಕೆ ಸಹಿಯಾಯಿತು. ಪಲ್ಟನ್ನಿಗೆ ಜಮಾಲ್‌ಪುರದ ಹೆಸರಿನಲ್ಲಿ ಯುದ್ಧಗೌರವ ಸಿಕ್ಕಿತು.

ಸಮಾರಂಭದವರು ಕೊಟ್ಟಿದ್ದ ಮಾದರಿಯಲ್ಲಿ ‘ವೈರಿಗಳ ರುಂಡ ಚೆಂಡಾಡಿದ’ ಎಂಬ ಸಾಲಿತ್ತು. ಕಾಕಾ ಅದನ್ನು ಓದಿಸಿ ಕೇಳಿ, ನನ್ನ ಪೆನ್ನು ಇಸಿದುಕೊಂಡು ತಾವೇ ಗೀಟು ಹಾಕಿದರು. ಆ ಜಾಗದಲ್ಲಿ ಅವರು ಹೇಳಿ ಬರೆಸಿದ್ದು ಇಷ್ಟು: ಹೊರೆ ಹೊತ್ತರು, ಹೊಳೆ ದಾಟಿದರು, ದಾರಿ ಕಾಯ್ದರು, ಸತ್ತವರಿಗೆ ಮಣ್ಣು ಕೊಟ್ಟರು. ಮರುದಿನ ಶಾಲೆಯಲ್ಲಿ ನಾನು ಅದನ್ನೇ ಓದಿದೆ. ಕೆಲವು ಹಿರಿಯರಿಗೆ ಪರಿಚಯ ಸಪ್ಪೆಯೆನಿಸಿತೆಂದು ಆಮೇಲೆ ಗೊತ್ತಾಯಿತು, ನನಗೆ ಹಾಗೆನಿಸಲಿಲ್ಲ.

ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಅಜ್ಜಾ, ಅಲ್ಲಿ ಊಟಕ್ಕ ಏನ ಮಾಡತಿದ್ರಿ?’ ಎಂದು ಕೇಳಿದಳು. ಕಾಕಾ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. ಪಲ್ಟನ್ನಿನಿಂದ ಕಟ್ಟಿಕೊಡುತ್ತಿದ್ದ ಪೂರಿ ಮತ್ತು ಶಂಕರಪಾಳಿ ನೆನೆದು ಮುದ್ದೆಯಾದದ್ದನ್ನೂ, ನದಿಯ ಆಚೆ ದಂಡೆಯಲ್ಲಿ ಒಬ್ಬ ಮುದುಕಿ ಸೆರಗಿನಲ್ಲಿ ತಂದ ಅವಲಕ್ಕಿ ಬೆಲ್ಲವನ್ನು ಹತ್ತು ಮಂದಿ ಹಂಚಿಕೊಂಡು ತಿಂದದ್ದನ್ನೂ, ಶಾಲೆಯ ಗಂಟೆ ಬಾರಿಸಿದ ಮೇಲೂ ಹೇಳುತ್ತಲೇ ಇದ್ದರು.